ಮೈಂಡ್ ಮ್ಯಾಪ್ ಚೆನ್ನಾಗಿ ಬಂದಿದೆ, ಪರೀಕ್ಷೆಯಲ್ಲಿ ಮಾತ್ರ ನೆನಪಾಗಲ್ಲ

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆಯವಳು. ಕನ್ನಡ ಮಾಧ್ಯಮದಲ್ಲಿ ಕೆಎಎಸ್‌ಗೆ ಓದುತ್ತಿದ್ದೇನೆ. ಯೂಟ್ಯೂಬ್ ನೋಡಿ ಮೈಂಡ್ ಮ್ಯಾಪ್, ಅಂದರೆ ಹಾಳೆಯ ನಡುವೆ ವಿಷಯ ಬರೆದು ಸುತ್ತ ಕೊಂಬೆಗಳಂತೆ ಅದರ ಅಂಶಗಳನ್ನು ಬಿಡಿಸೋದು, ಕಲಿತೆ. ಪ್ರತಿ ಪಾಠಕ್ಕೂ ಪುಸ್ತಕ ಮುಂದಿಟ್ಟುಕೊಂಡು, ಬಣ್ಣದ ಪೆನ್ನಲ್ಲಿ ಮ್ಯಾಪ್ ಬರೆದು ಫೈಲ್ ಮಾಡಿದ್ದೇನೆ. ನೋಡಿದವರೆಲ್ಲ ಚೆನ್ನಾಗಿದೆ ಅಂತಾರೆ. ಆದರೆ ಟೆಸ್ಟ್ ಬರೆಯುವಾಗ ಕೊಂಬೆಯ ಬಣ್ಣ ನೆನಪಾಗುತ್ತದೆ, ಅಲ್ಲಿ ಏನು ಬರೆದಿದ್ದೆ ಅನ್ನೋದು ನೆನಪಾಗಲ್ಲ. ಈ ವಿಧಾನ ನನಗೆ ಹೊಂದುವುದಿಲ್ಲವೇ? ಆ್ಯಪ್‌ನಲ್ಲಿ ಮಾಡಿದರೆ ಒಳ್ಳೆಯದಾ? ಇನ್ನೊಂದು ವಿಷಯ, ಯುಗಾದಿ ಕಳೆದ ಮೇಲೆ ನಮ್ಮ ಹೊಸ ಮನೆಯ ಗೃಹಪ್ರವೇಶ. ಅದರ ಕೆಲಸಗಳಿಗೂ ಮೈಂಡ್ ಮ್ಯಾಪ್ ಮಾಡಬಹುದಾ?

ಉತ್ತರ: ಖಂಡಿತ ಹೊಂದುತ್ತದೆ. ತೊಂದರೆ ಎಲ್ಲಿದೆ ಅಂತ ನಿಮ್ಮ ಪತ್ರವೇ ಹೇಳುತ್ತಿದೆ. ‘ಪುಸ್ತಕ ಮುಂದಿಟ್ಟುಕೊಂಡು’ ಅಂತ ಬರೆದಿದ್ದೀರಲ್ಲ, ಅಲ್ಲೇ. ಪುಸ್ತಕ ತೆರೆದಿಟ್ಟು ಮಾಡುವ ಮೈಂಡ್ ಮ್ಯಾಪ್ ಅಂದರೆ ನಕಲು ಮಾಡೋದೇ. ಸಾಲುಗಳ ಬದಲು ಕೊಂಬೆ, ನೀಲಿ ಇಂಕಿನ ಬದಲು ಐದು ಬಣ್ಣ. ಕಣ್ಣು, ಕೈ ಕೆಲಸ ಮಾಡುತ್ತವೆ. ನೆನಪಿಗೆ ಕೆಲಸವೇ ಇರುವುದಿಲ್ಲ. ಪರೀಕ್ಷೆಯಲ್ಲಿ ಕೆಲಸ ಮಾಡಬೇಕಾದ್ದು ಅದೇ ನೆನಪು.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೆಫ್ರಿ ಕಾರ್ಪಿಕಿ ಮತ್ತು ಜಾನೆಲ್ ಬ್ಲಂಟ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಕೊಟ್ಟರು. ಒಂದು ಗುಂಪಿನ ವಿದ್ಯಾರ್ಥಿಗಳು ವಿಜ್ಞಾನದ ಪಾಠವನ್ನು ಎದುರಿಗಿಟ್ಟುಕೊಂಡು ಕಾನ್ಸೆಪ್ಟ್ ಮ್ಯಾಪ್ ಬರೆದರು. ಇದು ಮೈಂಡ್ ಮ್ಯಾಪ್‌ನ ಹತ್ತಿರದ ನೆಂಟ. ಇನ್ನೊಂದು ಗುಂಪು ಪಾಠ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆಯಿತು. ಮತ್ತೆ ಓದಿ, ಮತ್ತೆ ನೆನಪಿನಿಂದ ಬರೆಯಿತು. ಒಂದು ವಾರದ ನಂತರ ಪರೀಕ್ಷಿಸಿದಾಗ ಮುಚ್ಚಿಟ್ಟು ಬರೆದವರೇ ಮುಂದಿದ್ದರು. ತಮಾಷೆ ಏನೆಂದರೆ, ಯಾವ ವಿಧಾನದಲ್ಲಿ ಜಾಸ್ತಿ ನೆನಪಿರುತ್ತದೆ ಅಂತ ಮೊದಲೇ ಕೇಳಿದಾಗ ವಿದ್ಯಾರ್ಥಿಗಳು ಹೇಳಿದ್ದು ಉಲ್ಟಾ. ಮುಚ್ಚಿಟ್ಟು ಬರೆಯೋದು ಕಷ್ಟ, ತಡವರಿಸುತ್ತೇವೆ, ಹಾಗಾಗಿ ಕಲಿಯುತ್ತಿಲ್ಲ ಅನ್ನಿಸುತ್ತದೆ. ಬಣ್ಣ ತುಂಬಿದ ಹಾಳೆ ನೋಡಿದರೆ ಎಲ್ಲ ಬಂತು ಅನ್ನಿಸುತ್ತದೆ. ನಿಮಗೆ ಆಗಿರೋದೂ ಅದೇ ಅಲ್ವಾ?

ಹಾಗಂತ ಮ್ಯಾಪ್ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಅದೇ ಇಬ್ಬರು 2014ರಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಈ ಸಲ ಮ್ಯಾಪನ್ನೂ ಪಾಠ ಮುಚ್ಚಿಟ್ಟು ಬರೆಸಿದರು. ಆಗ ಅದು ನೆನಪಿನಿಂದ ಪ್ಯಾರಾ ಬರೆದಷ್ಟೇ ಒಳ್ಳೆಯ ಫಲ ಕೊಟ್ಟಿತು. ಅಂದರೆ ಲೆಕ್ಕಕ್ಕೆ ಬರೋದು ಮ್ಯಾಪ್ ಬರೆಯುವಾಗ ಪುಸ್ತಕ ಮುಚ್ಚಿತ್ತೋ ತೆರೆದಿತ್ತೋ ಅನ್ನೋದು.

ಇನ್ನು ಮುಂದೆ ಹೀಗೆ ಮಾಡಿ ನೋಡಿ. ಪಾಠ ಒಮ್ಮೆ ನಿಧಾನವಾಗಿ ಓದಿ. ಪುಸ್ತಕ ಮುಚ್ಚಿ, ಬೇಕಿದ್ದರೆ ಪಕ್ಕದ ಕೋಣೆಯಲ್ಲಿಟ್ಟು ಬನ್ನಿ. ಎ4 ಹಾಳೆ ಅಡ್ಡಡ್ಡ ಇಟ್ಟುಕೊಂಡು ನೀಲಿ ಪೆನ್ನಲ್ಲಿ ನೆನಪಿದ್ದಷ್ಟನ್ನು ಮ್ಯಾಪ್ ಮಾಡಿ. ಹತ್ತು ನಿಮಿಷ ಸಾಕು. ನೆನಪಾಗದೆ ಖಾಲಿ ಕೂತ ಆ ಎರಡು ಮೂರು ನಿಮಿಷ ಇದೆಯಲ್ಲ, ಆಗ ಪುಸ್ತಕದ ಕಡೆ ಕೈ ಹೋಗುತ್ತದೆ. ಹೋಗಬಾರದು. ಆಮೇಲೆ ಪುಸ್ತಕ ತೆಗೆದು, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಕೆಂಪು ಪೆನ್ನಲ್ಲಿ ಸೇರಿಸಿ. ಮುಂದಿನ ಸಲ ಓದಬೇಕಾದ್ದು ಕೆಂಪನ್ನು ಮಾತ್ರ. ಎರಡು ದಿನ ಬಿಟ್ಟು ಖಾಲಿ ಹಾಳೆಯಲ್ಲಿ ಮತ್ತೆ ಬರೆಯಿರಿ, ಮತ್ತೆ ಒಂದು ವಾರಕ್ಕೆ. ಪ್ರತಿ ಸಲ ಕೆಂಪು ಕಡಿಮೆಯಾಗುತ್ತಾ ಬಂದರೆ ಪಾಠ ತಲೆಗೆ ಹೋಗುತ್ತಿದೆ ಎಂದರ್ಥ. ನಿಮಗೆ ಬೇಕಾದ ಬಣ್ಣ ಈ ಎರಡೇ.

ಈಗಾಗಲೇ ಮಾಡಿಟ್ಟ ಫೈಲ್ ಎಸೆಯಬೇಡಿ. ಅದನ್ನು ಓದಲು ಬಳಸಬೇಡಿ ಅಷ್ಟೇ. ನೆನಪಿನಿಂದ ಹೊಸದು ಬರೆದ ಮೇಲೆ ಪಕ್ಕದಲ್ಲಿಟ್ಟು ತಾಳೆ ನೋಡಲು ಅದು ಸಿದ್ಧ ಉತ್ತರಪತ್ರಿಕೆ. ಇಡೀ ಅಧ್ಯಾಯ ತಿರುವಿ ಹಾಕುವ ಕೆಲಸ ತಪ್ಪುತ್ತದೆ.

ಒಂದು ವಿಷಯ ಹಿಡಿದು ಹೇಳಿದರೆ ಇದು ಸರಿಯಾಗಿ ಅರ್ಥವಾಗುತ್ತದೆ. ಕಾವೇರಿಯನ್ನೇ ತೆಗೆದುಕೊಳ್ಳೋಣ, ನೀವು ಹೇಗೂ ಓದಲೇಬೇಕು. ಬಹಳಷ್ಟು ಜನ ನಡುವೆ ‘ಕಾವೇರಿ’ ಅಂತ ಬರೆದು ಸುತ್ತ ಉಗಮ, ಉಪನದಿ, ಅಣೆಕಟ್ಟು, ವಿವಾದ ಅಂತ ಕೊಂಬೆ ಬಿಡುತ್ತಾರೆ. ಇದು ಪುಸ್ತಕದ ಪರಿವಿಡಿ. ಅದರ ಬದಲು ನಡುವೆ ಒಂದು ಪ್ರಶ್ನೆ ಬರೆಯಿರಿ: ‘ಕಾವೇರಿ ನೀರು ಯಾರಿಗೆ ಎಷ್ಟು, ಯಾಕೆ?’ ಕೂಡಲೇ ಕೊಂಬೆಗಳು ಬದಲಾಗುತ್ತವೆ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರು ಬಳಸುತ್ತಾರೆ, ಯಾರು ತೀರ್ಮಾನ ಮಾಡಿದರು. ಈ ನಾಲ್ಕು ಸಾಕು. ಒಂಬತ್ತು ಹತ್ತು ಮುಖ್ಯ ಕೊಂಬೆ ಮಾಡಿದರೆ ಯಾವುದೂ ಮುಖ್ಯ ಆಗಿರುವುದಿಲ್ಲ. ತಲೆಯಲ್ಲಿ ಒಮ್ಮೆಗೆ ಸುಮಾರು ಏಳು ಸಂಗತಿ ಹಿಡಿದಿಡಬಹುದು ಅಂತ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದದ್ದು ಪ್ರಸಿದ್ಧ. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ನಾಲ್ಕರಿಂದ ಆರು ಕೊಂಬೆ ಇಟ್ಟುಕೊಳ್ಳಿ.

‘ಎಲ್ಲಿಂದ ಬರುತ್ತದೆ’ ಕೊಂಬೆಯಲ್ಲಿ ಉಪನದಿಗಳು. ಎಡದಂಡೆಗೆ ಹಾರಂಗಿ, ಹೇಮಾವತಿ, ಶಿಂಷಾ, ಅರ್ಕಾವತಿ. ಬಲದಂಡೆಗೆ ಲಕ್ಷ್ಮಣತೀರ್ಥ, ಕಬಿನಿ, ಸುವರ್ಣಾವತಿ. ಇವನ್ನು ಸುಮ್ನೆ ಏಳು ಗೆರೆಯಾಗಿ ಎಳೆಯಬೇಡಿ. ನದಿಯನ್ನು ಹಾಳೆಯ ಎಡದಿಂದ ಬಲಕ್ಕೆ ಹರಿಸಿ, ಅಂದರೆ ಪಶ್ಚಿಮದಿಂದ ಪೂರ್ವಕ್ಕೆ. ಎಡದಂಡೆಯವು ಮೇಲೆ, ಬಲದಂಡೆಯವು ಕೆಳಗೆ, ಸೇರುವ ಕ್ರಮದಲ್ಲೇ. ಈಗ ಜಾಗವೇ ಅರ್ಧ ಉತ್ತರ ಹೇಳುತ್ತದೆ. ಅಲಂಕಾರಕ್ಕೆ ಬಿಡಿಸುವ ಚಿತ್ರಕ್ಕಿಂತ ಇದು ಎಷ್ಟೋ ಮೇಲು.

ಮ್ಯಾಪ್ ನಿಜವಾಗಿ ಕೆಲಸಕ್ಕೆ ಬರುವುದು ಕೊಂಬೆಯಿಂದ ಕೊಂಬೆಗೆ ಗೆರೆ ಎಳೆದಾಗ. ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಆ ರೆಂಬೆಯಿಂದ ಒಂದು ಚುಕ್ಕೆ ಗೆರೆ ಎಳೆದು ‘ಕೇರಳಕ್ಕೆ 30 ಟಿಎಂಸಿ’ಗೆ ಸೇರಿಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಕೇರಳಕ್ಕೂ ಕಾವೇರಿಗೂ ಏನು ಸಂಬಂಧ ಅನ್ನುವ ಗೊಂದಲ ಅಲ್ಲಿಗೆ ಮುಗಿಯಿತು. ಪುದುಚೇರಿಗೆ ಸೇರಿದ ಕಾರೈಕಾಲ್ ಇರುವುದು ಕಾವೇರಿಯ ಮುಖಜಭೂಮಿಯಲ್ಲಿ, ಅದಕ್ಕೇ ಪುದುಚೇರಿಗೆ 7 ಟಿಎಂಸಿ. ಇನ್ನೂ ಒಂದು ಸ್ವಾರಸ್ಯದ ಗೆರೆ ಇದೆ. ಬೆಂಗಳೂರಿನ ಪಶ್ಚಿಮ ಭಾಗದ ನೀರು ವೃಷಭಾವತಿಗೆ ಹರಿದು, ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಬರುತ್ತದೆ. ಉಳಿದ ಭಾಗದ್ದು ಬೇರೆ ಕಡೆ ಹೋಗುತ್ತದೆ. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಅಂತ ಕಾವೇರಿ ಜಲವಿವಾದ ನ್ಯಾಯಮಂಡಳಿ ಲೆಕ್ಕ ಹಿಡಿದಿತ್ತು. ಸುಪ್ರೀಂ ಕೋರ್ಟ್ 2018ರಲ್ಲಿ ಆ ಲೆಕ್ಕ ಒಪ್ಪದೆ ಬೆಂಗಳೂರಿನ ಕುಡಿಯುವ ನೀರಿಗೆ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಅರ್ಕಾವತಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ತೀರ್ಪಿಗೆ ಎರಡು ಗೆರೆ. ಭೂಗೋಳದ ಪುಟದಲ್ಲಿದ್ದದ್ದೂ ರಾಜ್ಯಶಾಸ್ತ್ರದ ಪುಟದಲ್ಲಿದ್ದದ್ದೂ ಒಂದೇ ಹಾಳೆಯಲ್ಲಿ ಕೈ ಹಿಡಿದುಕೊಂಡವು. ಮೇನ್ಸ್ ಉತ್ತರದಲ್ಲಿ ಇಂಥ ಒಂದು ಸಾಲು ಬಂದರೆ ಮೌಲ್ಯಮಾಪಕರು ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ.

ಈಗ ಮ್ಯಾಪ್‌ಗೆ ಹೊಂದದ ಭಾಗಕ್ಕೆ ಬರೋಣ. ಹಂಚಿಕೆಯ ಅಂಕಿಗಳನ್ನು ಕೊಂಬೆಗಳ ಮೇಲೆ ಬರೆದು ಬಾಯಿಪಾಠ ಮಾಡುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಅದಕ್ಕೆ ಕೋಷ್ಟಕ ಹಾಕಬೇಕು. ನ್ಯಾಯಮಂಡಳಿ 2007ರಲ್ಲಿ ಕರ್ನಾಟಕಕ್ಕೆ ಕೊಟ್ಟದ್ದು 270, ತಮಿಳುನಾಡಿಗೆ 419. ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ್ದು 192 ಟಿಎಂಸಿ. 2018ರ ತೀರ್ಪಿನಲ್ಲಿ ಇವು ಕ್ರಮವಾಗಿ 284.75, 404.25 ಮತ್ತು 177.25. ಅಕ್ಕಪಕ್ಕ ಬರೆದು ನೋಡಿ. ಮೂರೂ ಕಡೆ ವ್ಯತ್ಯಾಸ ಒಂದೇ, 14.75. ಅಂತರ್ಜಲದ ಲೆಕ್ಕಕ್ಕೆ 10, ಬೆಂಗಳೂರಿಗೆ 4.75. ಆರು ಅಂಕಿ ಬಾಯಿಪಾಠ ಮಾಡುವ ಬದಲು ಮೂರು ಅಂಕಿ ಮತ್ತು ಒಂದು ವ್ಯತ್ಯಾಸ ನೆನಪಿಟ್ಟರೆ ಆಯಿತು. ಕೊಂಬೆಗಳ ಮೇಲೆ ಚದುರಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ವಿವಾದದ ಕಥೆಯೂ ಹಾಗೇ. 1892 ಮತ್ತು 1924ರಲ್ಲಿ ಮೈಸೂರು, ಮದ್ರಾಸು ನಡುವಿನ ಒಪ್ಪಂದಗಳು, 1990ರಲ್ಲಿ ನ್ಯಾಯಮಂಡಳಿ, 1991ರಲ್ಲಿ ಮಧ್ಯಂತರ ಆದೇಶ, 2007ರಲ್ಲಿ ಅಂತಿಮ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಮತ್ತು ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ. ಇದು ಒಂದಾದ ಮೇಲೊಂದು ನಡೆದದ್ದು. ಇದಕ್ಕೆ ಒಂದು ಉದ್ದ ಗೆರೆ ಎಳೆದು ಇಸವಿ ಹಾಕಿದರೆ ಸಾಕು. ನಡುವಿನಿಂದ ಸುತ್ತಲೂ ಚಾಚಿದರೆ ಯಾವುದು ಮೊದಲು ಅನ್ನೋದೇ ಕಳೆದುಹೋಗುತ್ತದೆ. ಗಣಿತದ ಪ್ರಮೇಯಗಳ ಸಾಧನೆ, ಸಂವಿಧಾನದ ಕಲಂಗಳ ಪದಶಃ ಪಾಠ, ಇವಕ್ಕೂ ಮ್ಯಾಪ್ ಬೇಡ. ಒಂದು ಪಾಠಕ್ಕೆ ಒಂದು ಮ್ಯಾಪ್ ಅನ್ನುವ ಹಟ ಬಿಡಿ. ಕೆಲವು ಪಾಠಕ್ಕೆ ಕೋಷ್ಟಕ, ಕೆಲವಕ್ಕೆ ಕಾಲರೇಖೆ, ಕೆಲವಕ್ಕೆ ಏನೂ ಬೇಡ.

ಯೂಟ್ಯೂಬ್‌ನಲ್ಲಿ ಹೇಳಿಕೊಟ್ಟ ನಿಯಮಗಳ ಬಗ್ಗೆ ಒಂದೆರಡು ಮಾತು. ಮೈಂಡ್ ಮ್ಯಾಪ್ ಅನ್ನುವ ಹೆಸರನ್ನು ಮನೆಮಾತು ಮಾಡಿದವರು ಇಂಗ್ಲೆಂಡಿನ ಟೋನಿ ಬುಝಾನ್, 1974ರಲ್ಲಿ ಬಿಬಿಸಿ ಟಿವಿ ಸರಣಿಯ ಮೂಲಕ. ಮರದಂತೆ ಕವಲೊಡೆಯುವ ಚಿತ್ರಗಳು ಅದಕ್ಕಿಂತ ಬಹಳ ಹಳೆಯವು. ನಡುವೆ ಚಿತ್ರ ಇರಬೇಕು, ಕನಿಷ್ಠ ಮೂರು ಬಣ್ಣ, ಬಾಗಿದ ಗೆರೆ, ಒಂದು ಗೆರೆಗೆ ಒಂದೇ ಪದ, ಇವೆಲ್ಲ ಅವರು ಹಾಕಿದ ನಿಯಮಗಳು. ಹಾಳೆ ಅಡ್ಡ ಇಡಿ, ವಾಕ್ಯ ಬರೆಯಬೇಡಿ ಅನ್ನುವವು ಒಳ್ಳೆಯ ಸಲಹೆ. ಎಡಮೆದುಳು ಬಲಮೆದುಳು ಎರಡೂ ಎಚ್ಚರಗೊಳ್ಳುತ್ತವೆ ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ, ಮೆದುಳು ಹಾಗೆ ಎರಡು ಇಲಾಖೆ ಮಾಡಿಕೊಂಡು ಕೂತಿಲ್ಲ.

‘ಒಂದೇ ಪದ’ ನಿಯಮವನ್ನು ನಾನು ಸಡಿಲ ಮಾಡುತ್ತೇನೆ. ಗೆರೆಯ ಮೇಲೆ ‘ತೀರ್ಪು’ ಅಂತ ಮಾತ್ರ ಇದ್ದರೆ ಎರಡು ವಾರದ ನಂತರ ಯಾರ ತೀರ್ಪು, ಏನು ತೀರ್ಪು ಅಂತ ತಲೆ ಕೆರೆದುಕೊಳ್ಳಬೇಕು. ‘2018: ಪಾಲು ಹೆಚ್ಚಿತು’ ಅಂತ ಬರೆಯಿರಿ. ಕ್ರಿಯಾಪದ ಇರಲಿ. ಚುಕ್ಕೆ ಗೆರೆಗಳ ಮೇಲಂತೂ ‘ಅದಕ್ಕೇ’, ‘ಆದರೂ’, ‘ಇಲ್ಲಿಂದ’ ಅಂತ ಒಂದು ಸಣ್ಣ ಮಾತು ಬೇಕೇ ಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ 1970ರ ದಶಕದಲ್ಲಿ ಬೆಳೆಸಿದ ಕಾನ್ಸೆಪ್ಟ್ ಮ್ಯಾಪ್‌ನ ಜೀವಾಳವೇ ಗೆರೆಯ ಮೇಲಿನ ಈ ಜೋಡಣೆಯ ಮಾತು. ಅದನ್ನು ಸಾಲ ತಂದರೆ ತಪ್ಪೇನಿಲ್ಲ.

ನೀವು ಕನ್ನಡದಲ್ಲಿ ಉತ್ತರ ಬರೆಯುವವರು. ಓದುವ ಸಾಮಗ್ರಿಯಲ್ಲಿ ಅರ್ಧ ಇಂಗ್ಲಿಷ್‌ನಲ್ಲಿ ಇರುತ್ತದೆ. ಮ್ಯಾಪ್ ಮಾತ್ರ ಕನ್ನಡದಲ್ಲೇ ಇರಲಿ. ಇಂಗ್ಲಿಷ್ ಪದಗಳ ಮ್ಯಾಪ್ ಮಾಡಿದವರು ಪರೀಕ್ಷೆಯ ಹೊತ್ತಿನಲ್ಲಿ ಪಾಠ ನೆನಪಿದ್ದೂ ಪದಕ್ಕಾಗಿ ತಡಕಾಡುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಮತ್ತೆ, ಕನ್ನಡಕ್ಕೆ ಒತ್ತಕ್ಷರ ಇದೆ, ಕೆಳಗೆ ಜಾಗ ಬೇಕು. ಬಾಗಿದ ಗೆರೆಯ ಜೊತೆ ಅಕ್ಷರವನ್ನೂ ಬಾಗಿಸಿ ಬರೆಯುವ ಕಸರತ್ತು ಬೇಡ. ಗೆರೆ ಹೇಗಾದರೂ ಹೋಗಲಿ, ಅಕ್ಷರ ನೆಟ್ಟಗೆ, ಗೆರೆಯ ಮೇಲೆ ಸ್ವಲ್ಪ ಅಂತರ ಬಿಟ್ಟು ಇರಲಿ.

ಬೇಜಾರು ಬರುವುದಕ್ಕೂ ತಯಾರಾಗಿರಿ. 2002ರಲ್ಲಿ ಬ್ರಿಟನ್ನಿನ ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಮೈಂಡ್ ಮ್ಯಾಪ್ ಮಾಡಿದ ಗುಂಪು ವಾರದ ನಂತರ ತಮಗೆ ಇಷ್ಟದ ವಿಧಾನದಲ್ಲಿ ಓದಿದವರಿಗಿಂತ ಶೇಕಡಾ 10ರಷ್ಟು ಜಾಸ್ತಿ ನೆನಪಿಟ್ಟುಕೊಂಡಿತ್ತು. ಆದರೆ ಉತ್ಸಾಹ ಅವರಲ್ಲೇ ಕಡಿಮೆ ಇತ್ತು. ಅಭ್ಯಾಸವಿಲ್ಲದ ವಿಧಾನ, ಕೈಗೂ ತಲೆಗೂ ಭಾರ. ಮೊದಲ ಕೆಲವು ವಾರ ನಿಮಗೂ ಹಾಗೇ ಆಗುತ್ತದೆ.

ಆ್ಯಪ್ ವಿಷಯ. ಕಲಿಯಲು ಕಾಗದ, ಯೋಜನೆಗೆ ಆ್ಯಪ್, ಇದು ನನ್ನ ಖಚಿತ ಅಭಿಪ್ರಾಯ. ಕಲಿಯುವಾಗ ಪ್ರತಿ ಸಲ ಹೊಸದಾಗಿ ಬರೆಯಬೇಕು. ಆ್ಯಪ್‌ನಲ್ಲಿ ಹಳೆಯದು ಸೇವ್ ಆಗಿರುತ್ತದೆ, ಮತ್ತೆ ಬರೆಯಲು ಮನಸ್ಸೇ ಬರುವುದಿಲ್ಲ. ಈಗ ಎಐಗೆ ಪಿಡಿಎಫ್ ಕೊಟ್ಟರೆ ಒಂದು ನಿಮಿಷದಲ್ಲಿ ಮ್ಯಾಪ್ ತಯಾರು. ತಾಳೆ ನೋಡಲು ಬಳಸಿ, ಬೇಡ ಅನ್ನಲ್ಲ. ಆದರೆ ಅದನ್ನು ಓದಿ ಕಲಿತೆ ಅಂದುಕೊಂಡರೆ ನಿಮ್ಮ ಬಣ್ಣದ ಫೈಲ್‌ನ ಕಥೆಯೇ. ಯೋಜನೆಯಲ್ಲಿ ಕೊಂಬೆಗಳನ್ನು ಆಚೀಚೆ ಎಳೆದಾಡುವುದು ಜಾಸ್ತಿ, ಅಲ್ಲಿ ಆ್ಯಪ್ ಸುಲಭ. ಫ್ರೀಪ್ಲೇನ್ ಪೂರ್ತಿ ಉಚಿತ, ಕಂಪ್ಯೂಟರಿಗೆ. ಫೋನಿಗೆ ಸಿಂಪಲ್‌ಮೈಂಡ್, ಎಕ್ಸ್‌ಮೈಂಡ್‌ನಂಥವು ಇವೆ. ಹಣ ಕೊಡುವ ಮೊದಲು ಹತ್ತು ಕನ್ನಡ ಪದ ಟೈಪ್ ಮಾಡಿ, ಪಿಡಿಎಫ್ ಮಾಡಿ, ಒತ್ತಕ್ಷರ ಸರಿಯಾಗಿ ಬಂತಾ ನೋಡಿಕೊಳ್ಳಿ.

ಇನ್ನು ಗೃಹಪ್ರವೇಶ. ಮೊದಲ ದಿನಕ್ಕೆ ಮೈಂಡ್ ಮ್ಯಾಪ್‌ಗಿಂತ ಒಳ್ಳೆಯದು ಇಲ್ಲ. ಮನೆಯವರೆಲ್ಲ ಸುತ್ತ ಕೂತು, ದೊಡ್ಡ ಹಾಳೆ ನಡುವೆ ಹಾಕಿ, ತಲೆಗೆ ಬಂದದ್ದನ್ನೆಲ್ಲ ಬರೆಯಿರಿ. ಪುರೋಹಿತರು, ಅಡುಗೆ ಭಟ್ಟರು, ಶಾಮಿಯಾನ, ಆಮಂತ್ರಣ ಪತ್ರಿಕೆ, ಹೋಮಕ್ಕೆ ಇಟ್ಟಿಗೆ, ಬಾಳೆಎಲೆ, ಉಡುಗೊರೆ ಬ್ಲೌಸ್ ಪೀಸ್, ಹಾಲು ಉಕ್ಕಿಸಲು ಒಲೆ, ಹಿಂದಿನ ರಾತ್ರಿ ಬರುವ ನೆಂಟರಿಗೆ ಹಾಸಿಗೆ. ಪಟ್ಟಿ ಬರೆಯಲು ಕೂತರೆ ಹತ್ತನೆಯ ಸಾಲಿಗೆ ನಿಲ್ಲುತ್ತದೆ. ಮ್ಯಾಪ್‌ನಲ್ಲಿ ಅತ್ತೆಗೆ ನೆನಪಾದದ್ದು ಒಂದು ಕಡೆ, ಅಪ್ಪನಿಗೆ ನೆನಪಾದದ್ದು ಇನ್ನೊಂದು ಕಡೆ ಸೇರಿಕೊಳ್ಳುತ್ತದೆ. ಯಾರೂ ಕ್ರಮಕ್ಕಾಗಿ ಕಾಯಬೇಕಿಲ್ಲ.

ಆದರೆ ಅಲ್ಲಿಗೇ ನಿಂತರೆ ಕೆಟ್ಟಿರಿ. ಮ್ಯಾಪ್‌ನಲ್ಲಿ ಎಲ್ಲ ಕೊಂಬೆಯೂ ನಡುವಿನಿಂದ ಒಂದೇ ದೂರದಲ್ಲಿ ಇರುತ್ತದೆ. ಎಲ್ಲ ಸಮಾನ, ಯಾವುದನ್ನು ಯಾವಾಗ ಬೇಕಾದರೂ ಮಾಡಬಹುದು ಅನ್ನುವ ಭ್ರಮೆ ಹುಟ್ಟುತ್ತದೆ. ನಿಜದಲ್ಲಿ ಮುಹೂರ್ತ ನಿಗದಿಯಾಗುವವರೆಗೆ ಪತ್ರಿಕೆ ಅಚ್ಚಿಗೆ ಹೋಗಲ್ಲ, ಭಟ್ಟರಿಗೆ ಮುಂಗಡ ಕೊಡಲಾಗಲ್ಲ, ಅಣ್ಣ ರಜೆ ಹಾಕಲಾಗಲ್ಲ. ಕರೆಂಟ್ ಮೀಟರ್ ಬರದಿದ್ದರೆ ಬೋರ್‌ವೆಲ್ ಮೋಟಾರ್ ಓಡಲ್ಲ, ಮೋಟಾರ್ ಓಡದಿದ್ದರೆ ಅಡುಗೆಗೆ ಟ್ಯಾಂಕರ್ ತರಿಸಬೇಕು. ಹಾಗಾಗಿ ಮರುದಿನ ಅದೇ ಹಾಳೆ ತೆಗೆದುಕೊಂಡು ‘ಇದಾದ ಮೇಲೆ ಅದು’ ಅನ್ನುವ ಬಾಣಗಳನ್ನು ಹಾಕಿ. ಯಾವ ಕೆಲಸದಿಂದ ಜಾಸ್ತಿ ಬಾಣ ಹೊರಡುತ್ತದೋ ಅದು ಮೊದಲು. ಬಹುಪಾಲು ಮನೆಗಳಲ್ಲಿ ಅದು ಮುಹೂರ್ತ ಮತ್ತು ಕರೆಂಟ್ ಎರಡೇ ಆಗಿರುತ್ತವೆ. ಬೇರೆಯವರ ಕೈಯಲ್ಲಿರುವ ಕೆಲಸಕ್ಕೆ, ಅಂದರೆ ಅರ್ಜಿ ಹಾಕಿ ಕಾಯಬೇಕಾದ್ದಕ್ಕೆ, ಸುತ್ತ ಒಂದು ಕೆಂಪು ಬಳೆ ಹಾಕಿ. ದಿನಾ ಫೋನ್ ಮಾಡಬೇಕಾದ ಕೆಲಸಗಳು ಅವು.

ಆಮೇಲೆ ಎಲ್ಲವನ್ನೂ ಪಟ್ಟಿಗೆ ಇಳಿಸಿ. ಕೆಲಸ, ಹೆಸರು, ತಾರೀಖು, ಮೂರು ಕಾಲಂ. ಹೆಸರಿನ ಜಾಗದಲ್ಲಿ ಒಬ್ಬರ ಹೆಸರೇ ಇರಬೇಕು. ‘ನಾವೇ ನೋಡ್ಕೋತೀವಿ’ ಅಂತ ಬರೆದ ಕೆಲಸ ಹಿಂದಿನ ರಾತ್ರಿ ಹನ್ನೊಂದಕ್ಕೆ ನೆನಪಾಗುತ್ತದೆ. ತಾರೀಖನ್ನು ಮುಹೂರ್ತದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ, ಇವತ್ತಿನಿಂದ ಮುಂದಕ್ಕೆ ಅಲ್ಲ. ಪಟ್ಟಿ ಸಿದ್ಧವಾದ ಮೇಲೆ ಮ್ಯಾಪ್ ಮಡಚಿ ಬೀರುವಿನಲ್ಲಿಡಿ. ಮನೆಯ ವಾಟ್ಸಾಪ್ ಗುಂಪಿಗೆ ಪಟ್ಟಿಯ ಫೋಟೋ ಮಾತ್ರ ಹಾಕಿ. ಮ್ಯಾಪ್ ಹಾಕಿದಿರೋ, ಸಂಜೆಯೊಳಗೆ ಚಿಕ್ಕಮ್ಮ, ಸೋದರಮಾವ ಎಲ್ಲ ಸೇರಿ ವಾಲಗದವರಿಂದ ಹಿಡಿದು ಐಸ್‌ಕ್ರೀಮ್ ಕೌಂಟರ್‌ವರೆಗೆ ಹೊಸ ಕೊಂಬೆ ಬಿಡಿಸಿರುತ್ತಾರೆ.